ಅಸಿಮೀನಾಳ ತಲೆಯೆಣಿಕೆ

ದಯಾಹಸ್ತ ಮಹಿಳಾ ಸಂಘಕ್ಕೆ ಲೆಕ್ಕಪರಿಶೀಲನಾ ಸಮಿತಿಯೊಂದು ಇರಲೇಬೇಕು ಎಂದು ಕಾಯಿದೆ ಹೇಳುತ್ತದೆ. ಆ ಸಮಿತಿ ಏನನ್ನಾದರೂ ಪರಿಶೀಲಿಸಬೇಕು ಎಂದು ಮಾತ್ರ ನಮ್ಮೂರಿನಲ್ಲಿ ಯಾರೂ ಹೇಳಿರಲಿಲ್ಲ. ಮೂವರು ಸದಸ್ಯರಲ್ಲಿ ಒಬ್ಬರು ತೀರಿಕೊಂಡು ಎರಡು ವರ್ಷವಾಗಿತ್ತು. ಇನ್ನೊಬ್ಬರಿಗೆ ಎರಡೂ ಕಣ್ಣಿಗೆ ಪೊರೆ. ಇಬ್ಬರೂ ಸಂಘದ ವರದಿಯಲ್ಲಿ ಇದುವರೆಗೆ ಒಂದೇ ಒಂದು ತಪ್ಪು ಕಂಡವರಲ್ಲ. ಸತ್ತವರ ಜಾಗಕ್ಕೆ ಯಾರನ್ನು ಹಾಕುವುದು ಎಂಬ ಪ್ರಶ್ನೆ ಬಂದಾಗ ಅಧ್ಯಕ್ಷೆ ಪೊಲಿಕ್ಸೇನಿಯವರು ಸಭೆಯ ಹಿಂದಿನ ಸಾಲಿನತ್ತ ಕಣ್ಣು ಹಾಯಿಸಿದರು. ಅಲ್ಲಿ ಅಸಿಮೀನಾ ಕೂತಿದ್ದಳು.

ಎಪ್ಪತ್ತೊಂದು ವರ್ಷದ ಅಸಿಮೀನಾ ಜಿಲ್ಲಾ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದವಳು. ನಮ್ಮಲ್ಲಿ ವೈದ್ಯರ, ವಕೀಲರ ಹೆಂಡಂದಿರನ್ನು ಎಲ್ಲರೂ ‘ಕಿರೀಯಾ’ ಎನ್ನುತ್ತಾರೆ. ಟಿಕೆಟ್ ಹರಿದವಳು ಬರೀ ‘ಕಿರಾ’. ಒಂದಕ್ಷರದ ವ್ಯತ್ಯಾಸ, ಆದರೆ ಅದರಲ್ಲಿ ಇಡೀ ಊರಿನ ನಕ್ಷೆ ಇದೆ.

“ಕಿರಾ ಅಸಿಮೀನಾ, ನೀವೇ ಆಗಿ. ಹೆಚ್ಚೇನೂ ಕೆಲಸ ಇಲ್ಲ. ವರ್ಷಕ್ಕೊಂದು ಸಹಿ,” ಎಂದರು ಪೊಲಿಕ್ಸೇನಿಯವರು.

“ಏನನ್ನ ನೋಡಿ ಸಹಿ ಹಾಕ್ಬೇಕು?”

“ಚುಕ್ಕೆ ಗೆರೆ ಎಳೆದಿರ್ತೀವಲ್ಲ, ಅದನ್ನ ನೋಡಿ.”

ಎಲ್ಲರೂ ನಕ್ಕರು. ಅಸಿಮೀನಾಳೂ ನಕ್ಕಳು. ಆದರೆ ಬಸ್ಸಿನೊಳಗಿನ ತಲೆಗಳನ್ನೂ ಕೈಯಲ್ಲಿನ ಟಿಕೆಟ್ಟುಗಳನ್ನೂ ತಾಳೆ ನೋಡದೆ ‘ರೈಟ್’ ಹೇಳಿದ ದಿನವೊಂದೂ ಅವಳ ಬದುಕಿನಲ್ಲಿರಲಿಲ್ಲ. ಅದು ಪೊಲಿಕ್ಸೇನಿಯವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಅವರು ಬಸ್ಸು ಹತ್ತಿದವರೇ ಅಲ್ಲ.

ಸರಕಾರ ಪಿಂಚಣಿಯನ್ನು ಎಷ್ಟನೆಯ ಸಲವೋ ಕತ್ತರಿಸಿದ ವರ್ಷ ಅದು. ಸಂಘದ ವರದಿಯ ಪ್ರಕಾರ ಹಳೆಯ ತಂಬಾಕು ಗೋದಾಮಿನ ಅಡಿಗೆಮನೆಯಿಂದ ಪ್ರತಿ ಮಧ್ಯಾಹ್ನ ಅರವತ್ತೆರಡು ಊಟ ಹೋಗುತ್ತಿತ್ತು. ಅಸಿಮೀನಾ ಪುಸ್ತಕ ಬಿಚ್ಚುವ ಮೊದಲು ಗೋದಾಮಿನ ಎದುರಿನ ಕಲ್ಲುಬೆಂಚಿನ ಮೇಲೆ ಕೂತು ಊಟಕ್ಕೆ ಸಾಲು ನಿಂತವರನ್ನು ಎಣಿಸಿದಳು. ಸೋಮವಾರ ನಲವತ್ತೊಂದು. ಮಂಗಳವಾರ ನಲವತ್ತೊಂದು. ಬುಧವಾರವೂ ಅಷ್ಟೇ. ಗುರುವಾರ ಒಳಗೆ ಹೋಗಿ ಅಡಿಗೆಯ ಥೆಕ್ಲಾಳನ್ನು ಕೇಳಿದಳು.

“ಥೆಕ್ಲಾ, ಮಿಕ್ಕ ಇಪ್ಪತ್ತೊಂದು ಎಲ್ಲಿಗೆ ಹೋಗ್ತವೆ?”

ಥೆಕ್ಲಾ ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ. “ಹಾಸಿಗೆ ಹಿಡಿದವರಿಗೆ ಅಕ್ಕಾ. ಸಂಘದ ಹೆಂಗಸರೇ ಡಬ್ಬಿ ತಗೊಂಡೋಗಿ ಕೊಡ್ತಾರೆ. ಗೋಡೆ ಮೇಲೆ ಹೆಸರು ಬರ್ದವ್ರೆ ನೋಡು. ನನ್ನನ್ನ ಕೇಳ್ಬೇಡ, ನಾನು ಬೇಯಿಸೋಳು.”

ಅಸಿಮೀನಾ ಇಪ್ಪತ್ತೊಂದು ಹೆಸರನ್ನೂ ವಿಳಾಸವನ್ನೂ ಬರೆದುಕೊಂಡು ಊರು ಸುತ್ತಿದಳು. ಒಂಬತ್ತು ಜನ ನಿಜಕ್ಕೂ ಇದ್ದರು, ನಿಜಕ್ಕೂ ಹಾಸಿಗೆಯಲ್ಲಿದ್ದರು. ಅವರಿಗೆ ಊಟ ತಲುಪುವ ಹೊತ್ತಿಗೆ ತಣ್ಣಗಾಗಿರುತ್ತಿತ್ತು. ಡಬ್ಬಿ ಹೊತ್ತ ದಯಾಮಯಿಯರು ದಾರಿಯಲ್ಲಿ ಕೂದಲ ಶೃಂಗಾರದ ಅಂಗಡಿಗೂ ಹೋಗಿ ಬರಬೇಕಾಗುತ್ತಿತ್ತಲ್ಲ. ನೀರಿನ ಗೋಪುರದ ಹಿಂದಿನ ಮುದುಕನಿಗೆ ಮೂರು ವರ್ಷದಿಂದ ಪ್ರತಿ ಶುಕ್ರವಾರ ಕಡಲೆಕಾಳು ಬರುತ್ತಿತ್ತು. ಅವನ ಹಲ್ಲುಗಳು ಅದಕ್ಕಿಂತ ಎರಡು ವರ್ಷ ಮೊದಲೇ ಅವನನ್ನು ಬಿಟ್ಟು ಹೋಗಿದ್ದವು.

“ಹೇಳಬಾರದಿತ್ತಾ?” ಎಂದಳು ಅಸಿಮೀನಾ.

“ಯಾರಿಗಮ್ಮಾ? ಬಾಗಿಲಲ್ಲಿ ಇಟ್ಟು ಫೋಟೋ ತಗೊಂಡು ಹೋಗ್ಬಿಡ್ತಾರೆ. ಬೆಕ್ಕಿಗೆ ಹಾಕ್ತೀನಿ. ಅದು ಚೆನ್ನಾಗಿದೆ ನೋಡಿ.”

ಬೆಕ್ಕು ನಿಜವಾಗಿಯೂ ದುಂಡಗಿತ್ತು. ಸಂಘದ ಸೇವೆ ಪರಿಣಾಮಕಾರಿಯಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಉಳಿದ ಹನ್ನೆರಡು ಜನ ಎಲ್ಲಿಯೂ ಇರಲಿಲ್ಲ. ಕಲ್ಯೋಪಿ ಎಂಬ ವಿಧವೆ ಎರಡೇ ಮಹಡಿಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ವಾಸವಾಗಿದ್ದಳು. ಪಾರ್ಶ್ವವಾಯು ಬಡಿದ ಸ್ತಾಮೂಲಿಸ್ ಎಂಬಾತನ ಮನೆ ನಂಬರಿನಲ್ಲಿ ಪೆಟ್ರೋಲ್ ಬಂಕ್ ಇತ್ತು. ಅಸಿಮೀನಾಳ ರಕ್ತ ಹಳೆಯ ಹುರುಪಿನಲ್ಲಿ ಹರಿಯಿತು. ಟಿಕೆಟ್ ಇಲ್ಲದೆ ಹಿಂದಿನ ಸೀಟಿನಲ್ಲಿ ನಿದ್ದೆ ನಟಿಸುವವರನ್ನು ಹಿಡಿಯುವಾಗಿನ ಹುರುಪು ಅದು.

ಕಲ್ಯೋಪಿಯ ಡಬ್ಬಿಯನ್ನೂ ಸ್ತಾಮೂಲಿಸ್‌ನ ಡಬ್ಬಿಯನ್ನೂ ದಿನವೂ ಒಯ್ಯುತ್ತಿದ್ದವರು ಸಂಘದ ಖಜಾಂಚಿ ಕಿರೀಯಾ ಎವಾಂಥಿಯಾ. ಅವರ ಗಂಡ ಲೀಸಾಂದ್ರೋಸ್ ಒಂದು ಕಾಲಕ್ಕೆ ಊರಿನ ಅರ್ಧ ಮದುಮಕ್ಕಳಿಗೆ ಬಟ್ಟೆ ಮಾರಿದವರು. ಮುಂದಿನ ಸೋಮವಾರ ಮಧ್ಯಾಹ್ನ ಅಸಿಮೀನಾ ಎವಾಂಥಿಯಾರ ಹಿಂದೆಯೇ ನಡೆದಳು. ಎವಾಂಥಿಯಾ ಎಲ್ಲಿಯೂ ನಿಲ್ಲದೆ ನೇರ ತಮ್ಮ ಮನೆಗೇ ಹೋಗಿ ಬಾಗಿಲು ಹಾಕಿಕೊಂಡರು. ಅಸಿಮೀನಾ ಹತ್ತು ನಿಮಿಷ ಬಿಟ್ಟು ಗಂಟೆ ಒತ್ತಿದಳು.

ಬಾಗಿಲು ಅರ್ಧ ತೆರೆಯಿತು. ಒಳಗೆ ಪರದೆ ಎಳೆದ ಕೋಣೆಯಲ್ಲಿ ಲೀಸಾಂದ್ರೋಸ್ ಟೈ ಕಟ್ಟಿಕೊಂಡು, ಕೊರಳಿಗೆ ಬಿಳಿ ವಸ್ತ್ರ ಸಿಕ್ಕಿಸಿಕೊಂಡು, ಬೆಳ್ಳಿ ಚಮಚದಲ್ಲಿ ಬೇಯಿಸಿದ ಮಸೂರಕಾಳು ಊಟ ಮಾಡುತ್ತಿದ್ದರು. ಅಷ್ಟು ಚಳಿಯಿದ್ದರೂ ಕೋಣೆಯಲ್ಲಿ ಒಲೆ ಹೊತ್ತಿರಲಿಲ್ಲ. ಎವಾಂಥಿಯಾ ಕೋಟು ಕೂಡ ತೆಗೆದಿರಲಿಲ್ಲ.

ಅಸಿಮೀನಾ ದಾರಿಯುದ್ದಕ್ಕೂ ಮಸೆದು ತಂದಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು. “ಕಿರೀಯಾ, ಈ ಕಲ್ಯೋಪಿ ಯಾರು?”

ಎವಾಂಥಿಯಾ ಬಾಗಿಲನ್ನು ಬೆನ್ನಿಂದ ಮುಚ್ಚಿ ಹೊರಗೆ ಬಂದು ನಿಂತರು. “ನಾನೇ ಕಣ್ರೀ,” ಎಂದರು ಪಿಸುದನಿಯಲ್ಲಿ. “ಕಲ್ಯೋಪಿ ನಾನು. ಸ್ತಾಮೂಲಿಸ್ ನಮ್ಮನೆಯವರು.”

“ಅಂಗಡಿ?”

“ಅಂಗಡಿ ಹೋಗಿ ಎರಡು ವರ್ಷ ಆಯ್ತು. ಯಾರದ್ದೋ ಸಾಲಕ್ಕೆ ಜಾಮೀನು ಹಾಕಿದ್ರು. ಬಾಡಿಗೆಗೆ ಕೊಟ್ಟಿದೀವಿ ಅಂತ ಊರಿಗೆ ಹೇಳಿದೀವಿ.”

“ಎಲ್ಲರ ಜೊತೆ ಸಾಲಲ್ಲಿ ಬಂದು ನಿಂತ್ಕೊಂಡಿದ್ರೆ…”

“ನಾನು ಖಜಾಂಚಿ ರೀ!” ಎಂದರು ಎವಾಂಥಿಯಾ, ಬೈಗುಳ ಕೇಳಿದವರಂತೆ.

ಒಳಗಿನಿಂದ ಲೀಸಾಂದ್ರೋಸರ ದನಿ ಕೇಳಿಸಿತು. “ಎವಾಂಥೀ, ಇವತ್ತು ಉಪ್ಪು ಸ್ವಲ್ಪ ಮುಂದಾಗಿದೆ ಕಣೇ. ಮೊನ್ನೆ ಚೆನ್ನಾಗಿ ಮಾಡಿದ್ದೆ.”

“ನಾಳೆ ಸರಿ ಮಾಡ್ತೀನಿ,” ಎಂದು ಎವಾಂಥಿಯಾ ಬಾಗಿಲ ಸಂದಿಯಿಂದ ಹೇಳಿ ಅಸಿಮೀನಾಳತ್ತ ತಿರುಗಿದರು. “ನಾನೇ ಅಡಿಗೆ ಮಾಡ್ತೀನಿ ಅಂದ್ಕೊಂಡಿದಾರೆ. ಬರೀರಿ ನಿಮ್ಮ ವರದೀಲಿ. ಆದ್ರೆ ನಾನೊಬ್ಬಳೇ ಅಂತ ತಿಳ್ಕೋಬೇಡಿ. ನಮ್ಮಂಥೋರದು ಇನ್ನೂ ಐದು ಮನೆ ಇದೆ. ಹೆಸರು ಮಾತ್ರ ಹೇಳಲ್ಲ.”

“ಊಟಕ್ಕೆ ದುಡ್ಡೆತ್ತೋ ಸಂಘದ ಡ್ಯಾನ್ಸಿಗೆ ಮುಂದಿನ ಮೇಜಲ್ಲೇ ಕೂತಿದ್ರಲ್ಲ ನೀವು! ಟಿಕೆಟ್ಟಿಗೆ ಮೂವತ್ತು ಯೂರೋ.”

“ಬರದೇ ಇದ್ರೆ ಯಾಕೆ ಬರ್ಲಿಲ್ಲ ಅಂತಾರೆ. ಅಮ್ಮ ಕೊಟ್ಟಿದ್ದ ಓಲೆ ಮಾರಿ ತಗೊಂಡೆ.”

ಅಸಿಮೀನಾ ಮನೆಗೆ ಬಂದು ಕಾಫಿ ಕಾಯಿಸಿಕೊಂಡು ಬಹಳ ಹೊತ್ತು ಕುಡಿಯದೆ ಕೂತಳು. ಬಡವರಿಗೆ ಊಟ ಹಾಕಲು ನಡೆಯುವ ಕುಣಿತಕ್ಕೆ ಹೋಗಲು ಓಲೆ ಮಾರಿ, ಓಲೆ ಮಾರಿದ್ದರಿಂದ ಇನ್ನಷ್ಟು ಬಡವರಾಗಿ, ಆ ಊಟವನ್ನು ಇಲ್ಲದ ವಿಧವೆಯ ಹೆಸರಿನಲ್ಲಿ ಒಯ್ಯುವ ಈ ವ್ಯವಸ್ಥೆಯನ್ನು ವರದಿಯ ಯಾವ ಅಂಕಣದಲ್ಲಿ ತೋರಿಸುವುದು? ಟಿಕೆಟ್ ಇಲ್ಲದವರನ್ನು ಅವಳು ಎಷ್ಟೋ ಸಲ ಬಯಲಿನ ನಡುವೆ ಇಳಿಸಿದ್ದಳು. ಅವರಲ್ಲಿ ಯಾರ ಮುಖವೂ ಈಗ ನೆನಪಾಗಲಿಲ್ಲ. ಅದೇ ಅವಳಿಗೆ ನಾಚಿಕೆಯೆನಿಸಿತು.

ಮರುದಿನ ಅವಳು ಪುಸ್ತಕಗಳನ್ನು ತರಿಸಿಕೊಂಡು ‘ಕರುಣೆಯ ಸಂಜೆ’ ಎಂಬ ಹೆಸರಿನ ಆ ಡ್ಯಾನ್ಸಿನ ಪುಟ ತೆರೆದಳು. ಹೋಟೆಲಿನ ಸಭಾಂಗಣ, ಕುರಿಮಾಂಸ, ಬುಜೂಕಿ ವಾದ್ಯದವರು, ಅತಿಥಿಗಳಿಗೆ ಗಾಜಿನ ಹಂಸಗಳು, ಎಲ್ಲ ಸೇರಿ ನಾಲ್ಕು ಸಾವಿರದ ಮುನ್ನೂರು ಯೂರೋ ಖರ್ಚು. ಬಡವರಿಗಾಗಿ ಕೂಡಿದ್ದು ಮೂರು ಸಾವಿರದ ಒಂಬೈನೂರ ಐವತ್ತು. ಅವಳು ಎರಡು ಸಲ ಕೂಡಿಸಿದಳು. ಎರಡು ಸಲವೂ ಬಡವರೇ ಹೆಂಗಸರ ಕುಣಿತಕ್ಕೆ ಮುನ್ನೂರೈವತ್ತು ದಾನ ಮಾಡಿದ್ದರು.

ವಾರ್ಷಿಕ ಸಭೆಗೆ ಮೂವತ್ತೊಂದು ಮಂದಿ ಬಂದಿದ್ದರು. ಪೊಲಿಕ್ಸೇನಿಯವರು ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದರು. ಅಸಿಮೀನಾ ಎದ್ದು ನಿಂತು ತನ್ನದೇ ಹಾಳೆ ತೆಗೆದಳು.

“ದಿನಕ್ಕೆ ಅರವತ್ತೆರಡು ಊಟ ಹೋಗುತ್ತೆ. ಅರವತ್ತೊಂದನ್ನ ಹಸಿದವರೇ ತಿಂತಾರೆ. ನಾನು ಕಣ್ಣಾರೆ ನೋಡಿದೀನಿ,” ಎಂದಳು. ಮೂರನೇ ಸಾಲಿನಲ್ಲಿದ್ದ ಎವಾಂಥಿಯಾ ತಲೆ ತಗ್ಗಿಸಿದರು. ಆ ಐದು ಮನೆಗಳನ್ನು ಅಸಿಮೀನಾ ನೋಡಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವಳು ಎಣಿಸದೆ ‘ರೈಟ್’ ಹೇಳಿದ್ದಳು. “ಶುಕ್ರವಾರದ ಒಂದನ್ನ ಬೆಕ್ಕು ತಿನ್ನುತ್ತೆ. ಆ ಮುದುಕನಿಗೆ ಮೆತ್ತಗಿನದು ಏನಾದ್ರೂ ಕಳಿಸಿ. ಇನ್ನು ಡ್ಯಾನ್ಸಿನ ವಿಷಯ.”

ಅಂಕಿಗಳನ್ನು ಓದಿ ಮುಗಿಸಿದಾಗ ಮುಂದಿನ ಸಾಲಿನವರು ಬೀಸಣಿಗೆ ಬೀಸಿಕೊಳ್ಳತೊಡಗಿದರು. ಆಗ ಹೊರಗೆ ಹಿಮ ಬೀಳುತ್ತಿತ್ತು.

“ಜನ ಸುಮ್ಸುಮ್ನೆ ದುಡ್ಡು ಕೊಡ್ತಾರೇನ್ರೀ?” ಎಂದರು ಪೊಲಿಕ್ಸೇನಿಯವರು. “ಕುಣಿಯೋಕೆ ಕೊಡ್ತಾರೆ.”

“ಕುಣಿಯೋಕೂ ಕೊಡ್ತಿಲ್ಲವಲ್ಲ ಕಿರೀಯಾ. ಮುನ್ನೂರೈವತ್ತು ಕಮ್ಮಿ ಬಿದ್ದಿದೆ. ಡ್ಯಾನ್ಸ್ ಬೇಡ ಅನ್ನೋರು ಕೈ ಎತ್ತಲಿ, ನೋಡೋಣ.”

“ಎತ್ತಲಿ ಬಿಡಿ,” ಎಂದು ಪೊಲಿಕ್ಸೇನಿಯವರು ನಕ್ಕರು.

ಹಿಂದಿನ ಸಾಲಿನಲ್ಲಿ ಹನ್ನೊಂದು ಕೈಗಳು ಎದ್ದವು. ಅಷ್ಟಕ್ಕೆ ನಿಂತುಹೋಯಿತು. ಆಮೇಲೆ ಎವಾಂಥಿಯಾರ ಕೈ, ಕೈಗವಸಿನ ಸಮೇತ, ಮೊಣಕೈಯವರೆಗೆ ಬಂದು ಅಲ್ಲೇ ತಡೆದು, ಮತ್ತೆ ಮೇಲೆ ಹೋಯಿತು. ಕಾಯುತ್ತಿದ್ದವೋ ಎಂಬಂತೆ ಮುಂದಿನ ಸಾಲುಗಳಿಂದ ಇನ್ನೂ ಐದು ಎದ್ದವು. ಎರಡು ತುಪ್ಪಳದ ಕೋಟಿನ ಕೈಗಳು, ಒಂದಕ್ಕೆ ಮುತ್ತಿನ ಬಳೆ. ಹದಿನೇಳಕ್ಕೆ ಹದಿನಾಲ್ಕು. ಡಾಕ್ಟರ ಹೆಂಡತಿಯೂ ಮಾಜಿ ಮೇಯರರ ಅತ್ತಿಗೆಯೂ ಹೀಗೇಕೆ ಮಾಡಿದರೆಂದು ಊರು ತಿಂಗಳುಗಟ್ಟಲೆ ತಲೆ ಕೆರೆದುಕೊಂಡಿತು.

ಡ್ಯಾನ್ಸ್ ನಿಂತಿತು. ಪೊಲಿಕ್ಸೇನಿಯವರು ರಾಜೀನಾಮೆ ಕೊಟ್ಟು ಮೂಕಪ್ರಾಣಿಗಳ ಮಿತ್ರ ಮಂಡಳಿ ಸ್ಥಾಪಿಸಿದರು. ಅದರ ಉದ್ಘಾಟನೆಗೆ ಅದೇ ಹೋಟೆಲಿನಲ್ಲಿ ಕುರಿಮಾಂಸದ ಊಟವಾಯಿತು. ದಯಾಹಸ್ತದ ಹೊಸ ಆಡಳಿತ ಅಸಿಮೀನಾಳಿಗೆ ಕಟ್ಟು ಹಾಕಿದ ಅಭಿನಂದನಾ ಪತ್ರ ಕೊಟ್ಟು, ಅವಳ ವಯಸ್ಸನ್ನು ಗಮನದಲ್ಲಿಟ್ಟುಕೊಂಡು, ಮುಂದಿನ ವರ್ಷದಿಂದ ಸಮಿತಿಯಲ್ಲಿ ದಣಿಯಬೇಕಾಗಿಲ್ಲ ಎಂದಿತು. ಅವಳ ಜಾಗಕ್ಕೆ ಬಂದವರು ಓದದೆ ಸಹಿ ಹಾಕುತ್ತಾರೆ. ಗೋಡೆಯ ಪಟ್ಟಿಗೆ ವಸಂತದಲ್ಲಿ ಇನ್ನೂ ಎರಡು ಹೊಸ ಹೆಸರು ಸೇರಿದವು.

ಎವಾಂಥಿಯಾ ಅವಳೊಂದಿಗೆ ಮಾತು ಬಿಟ್ಟರು. ದೂರದಲ್ಲಿ ಕಂಡರೆ ಸಾಕು, ಬೇಡದ ಔಷಧಿಯಂಗಡಿಯೊಳಗೆ ನುಗ್ಗಿಬಿಡುತ್ತಿದ್ದರು. ಮೊದಮೊದಲು ಅಸಿಮೀನಾಳಿಗೆ ಸಿಟ್ಟು ಬಂತು. ಆಮೇಲೆ ಒಂದು ದಿನ, ಮಂಡಿನೋವಿನ ಆ ಹೆಂಗಸು ಔಷಧಿಯಂಗಡಿಯ ಮೆಟ್ಟಿಲು ಹತ್ತಲು ಪರದಾಡುವುದನ್ನು ನೋಡಿ, ಅಸಿಮೀನಾ ತಾನೇ ರಸ್ತೆ ದಾಟಿ ಆಚೆ ಬದಿಗೆ ಹೋಗಿ, ಬೀಗ ಹಾಕಿದ್ದ ಚಪ್ಪಲಿ ಅಂಗಡಿಯ ಗಾಜಿನೊಳಗೆ ಏನೋ ಇದೆಯೆಂಬಂತೆ, ಎವಾಂಥಿಯಾ ದಾಟಿ ಹೋಗುವವರೆಗೂ ನೋಡುತ್ತ ನಿಂತಳು.