ಆನೆದಾರಿಯ ಜೀಪಿಗೆ ಬೆಲ್ಟು

ನಮ್ಮ ಕಡೆ ದನ ಕಟ್ಟುವ ಗಂಟನ್ನು ನೀವು ನೋಡಿರಲಾರಿರಿ. ತಾಳವಾಡಿ ಬೆಟ್ಟದ ನಮ್ಮೂರು ತಿಗನಾರೆಯಲ್ಲಿ ಹಸುವನ್ನು ಹೊಲದಂಚಿನ ಗೂಟಕ್ಕೆ ಕಟ್ಟುವವರು ಹಗ್ಗದ ತುದಿಯೊಂದನ್ನು ಕೈಗೆಟುಕುವಂತೆ ಇಳಿಬಿಟ್ಟಿರುತ್ತಾರೆ. ಕಾಡಿನಿಂದ ಆನೆ ಇಳಿದ ಸದ್ದಾದರೆ ಅದನ್ನೊಮ್ಮೆ ಜಗ್ಗಿದರೆ ಸಾಕು, ಗಂಟು ಕಳಚಿ ಹಸು ತನ್ನ ಪ್ರಾಣ ತಾನು ನೋಡಿಕೊಳ್ಳುತ್ತದೆ. ಕಟ್ಟುವಾಗಲೇ ಬಿಚ್ಚುವುದನ್ನು ನೆನೆಯುವ ಜನ ನಾವು. ಆ ಗಂಟಿನ ಮೇಲೆ ನನಗೆ ಬಹಳ ಗೌರವವಿತ್ತು, ನಮ್ಮ ಯಜಮಾನರು ಅದನ್ನು ಜೀಪಿನ ಸೀಟ್ ಬೆಲ್ಟಿಗೆ ಹಾಕುವವರೆಗೆ.

ಜೀಪೆಂದರೆ ಟಾರ್ಪಾಲು ಹೊದಿಸಿದ ಹಳೆಯ ಗಾಡಿ. ನೆರೆಹೊಲದವರ ಅಂಥದೇ ಜೀಪು ಜೀರಹಳ್ಳಿ ಇಳಿಜಾರಿನಲ್ಲಿ ಮಗುಚಿ ಚಪ್ಪಟೆಯಾದುದನ್ನು ಕಣ್ಣಾರೆ ಕಂಡು ಬಂದ ಇವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ನಮ್ಮದಕ್ಕೆ ದಪ್ಪ ಪೈಪುಗಳ ಪಂಜರವೊಂದನ್ನು ಬೆಸುಗೆ ಹಾಕಿಸಿದರು. ರೋಲ್ ಕೇಜ್ ಎಂದು ಅದರ ಹೆಸರು. ಗಾಡಿ ಉರುಳಿದರೂ ತಲೆಯ ಮೇಲೆ ಬೀಳಗೊಡದ ಪಂಜರ ಅದು. ಆದರೆ ಬೆಲ್ಟಿಲ್ಲದೆ ಕುಳಿತವರ ತಲೆ ಮೊದಲು ಬಡಿಯುವುದು ಆ ಪೈಪಿಗೇ. ಅದೇ ಗಾಡಿಯಲ್ಲಿ ನನ್ನ ಸೊಸೆ ಗೌರಿ, ತುಂಬು ಬಸುರಿ, ಕಾಡಂಚಿನ ನಮ್ಮ ತೋಟದ ಮನೆಯಿಂದ ತಾಳವಾಡಿ ಆಸ್ಪತ್ರೆಗೆ ಹೋಗಿಬರಬೇಕಾಗಿತ್ತು. ಮಗ ತರಕಾರಿ ಲಾರಿ ಹತ್ತಿ ಬಯಲಿಗೆ ಇಳಿದಿದ್ದ. ಬೇರೆ ದಾರಿಯಿರಲಿಲ್ಲ.

ಬೆಲ್ಟು ತಂದರು, ತಾವೇ ಹಾಕಿದರು. ಹೆಗಲ ಪಟ್ಟಿಗಳನ್ನು ಪಂಜರದ ಅಡ್ಡಪೈಪಿಗೆ ಸುತ್ತಿ ಹಸುವಿನ ಗಂಟು ಹಾಕಿ, ತುದಿಯನ್ನು ಮುಂದಕ್ಕೆ ಇಳಿಬಿಟ್ಟಿದ್ದರು. ಸೊಂಟದ ಪಟ್ಟಿಗೆ ಜೀಪಿನ ನೆಲದ ತಗಡಿಗೇ ತೂತು ಕೊರೆದು ಬೋಲ್ಟು. ಇದೇನು ಎಂದು ಕೇಳಿದರೆ, ನಾನೇ ದಡ್ಡಿಯೆಂಬಂತೆ ನೋಡಿದರು.

"ಆನ ಬಂದ್ರ ಎಗ್ರಿ ಓಡ್ಬೇಕಲ್ಲ ಕಣಮ್ಮಿ. ಈ ಬಸುರಿ ಮಗಿನ ಕಟ್ಟಾಕಿ ಕೂರಿಸ್ಬುಟ್ರ ಎಂಗ?"

ಅವರ ಮಾತಿಗೆ ನಗುವ ಹಾಗಿರಲಿಲ್ಲ, ಅದೇ ನನ್ನ ಸಂಕಟ. ಪಟ್ಟಣದವರಿಗೆ ಬೆಲ್ಟೆಂದರೆ ಒಂದೇ ಭಯದ ಮಾತು. ನಮಗೆ ಒಂದು ಭಯ ಬಿಗಿ ಎನ್ನುತ್ತದೆ, ಇನ್ನೊಂದು ಬಿಚ್ಚು ಎನ್ನುತ್ತದೆ, ಎರಡೂ ನಿಜ. ಆದರೂ ಮನಸ್ಸು ತಡೆಯದೆ ಗೌರಿಯ ಸೀಟಿನಲ್ಲಿ ನಾನೇ ಕುಳಿತು, ಹೊಲದ ಇಳಿಜಾರಿನಲ್ಲಿ ಮೆಲ್ಲಗೆ ಓಡಿಸಿ ಗಕ್ಕನೆ ಬ್ರೇಕು ಹಾಕಿ ಎಂದು ಅವರಿಗೆ ಹೇಳಿದೆ. ಹಾಕಿದರು. ನುಣ್ಣನೆಯ ಪಟ್ಟಿಯಲ್ಲಿ ಹಾಕಿದ ಗಂಟು ತನ್ನ ಧರ್ಮ ಬಿಡದೆ ಸರಕ್ಕನೆ ಬಿಚ್ಚಿಕೊಂಡಿತು, ನನ್ನ ಮಂಡಿ ಮುಂದಿನ ತಗಡಿಗೆ ಬಡಿಯಿತು, ನೆಲದ ಬೋಲ್ಟು ಸುತ್ತಲಿನ ತುಕ್ಕು ತಗಡನ್ನೇ ಕಿತ್ತುಕೊಂಡು ಎದ್ದು ನಿಂತಿತು. ವರ್ಷಗಟ್ಟಲೆ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಆಗ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಯಜಮಾನರ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಗೌರಿ ಮೊಬೈಲಿನಲ್ಲಿ ಹುಡುಕಿ ಒಂದೊಂದಾಗಿ ಓದಿ ಹೇಳಿದಳು. ಬೆಲ್ಟಿನ ಒಂದು ತುದಿ ಪಂಜರಕ್ಕೂ ಇನ್ನೊಂದು ತಗಡಿಗೂ ಇರಕೂಡದು. ಉರುಳುವಾಗ ತಗಡು ಒಂದು ಕಡೆ, ಪಂಜರ ಒಂದು ಕಡೆ ಎಳೆದರೆ ನಡುವೆ ಸಿಕ್ಕುವುದು ಮನುಷ್ಯರ ಮೈ. ಹೆಗಲ ಪಟ್ಟಿ ಹೆಗಲಿನ ಮಟ್ಟದಲ್ಲೇ ಹಿಂದಕ್ಕೆ ಹೋಗಬೇಕು. ಕೆಳಕ್ಕಿಳಿಸಿ ಬಿಗಿದರೆ ಬೆನ್ನುಮೂಳೆಯನ್ನೇ ಅದುಮುತ್ತದೆ. ಪಂಜರದ ಪೈಪಿಗೆ ತೂತು ಕೊರೆಯಬಾರದು. ಬಸುರಿಗೆ ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಮೇಲೆ. ತಾಳವಾಡಿಯ ವೆಲ್ಡಿಂಗ್ ಅಂಗಡಿಯಲ್ಲಿ ಹಿಂದಿನದೂ ಸೇರಿ ಎಲ್ಲ ಸೀಟುಗಳನ್ನೂ ಅವುಗಳ ಬೆಲ್ಟಿನ ಎಲ್ಲ ತುದಿಗಳನ್ನೂ ಪಂಜರದ ಚೌಕಟ್ಟಿಗೇ ಸೇರಿಸಿದ್ದಾಯಿತು. ಕಟ್ಟಿದ ಕಡೆ ಬಿಚ್ಚಬಾರದು, ಬಿಚ್ಚುವುದೇನಿದ್ದರೂ ಮೈಮುಂದಿನ ಬಕಲ್ಲಿನಲ್ಲಿ: ಇಷ್ಟು ಸಣ್ಣ ಮಾತು ತಲೆಗೆ ಹೋಗಲು ನಮಗೆ ನನ್ನ ಮಂಡಿ ಬೇಕಾಯಿತು. ಆನೆಯ ಭಯಕ್ಕೆ ಮದ್ದಾಗಿ, ಕಣ್ಣು ಮುಚ್ಚಿಕೊಂಡೇ ಬಕಲ್ ಒತ್ತುವುದನ್ನು ಗೌರಿಗೆ ದಿನವೂ ಅಭ್ಯಾಸ ಮಾಡಿಸಿದೆವು.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ತಿರುವಿನಾಚೆ ಆನೆ ನಿಂತಿತ್ತು, ಕಾಲಡಿಯಲ್ಲಿ ಮರಿ. ಯಜಮಾನರು ಜೀಪನ್ನು ಹಿಂದಕ್ಕೆ ತೆಗೆಯತೊಡಗಿದರು. ಹಿಂದಿನ ಸೀಟಿನಲ್ಲಿದ್ದ ನನಗೆ ಕಂಡದ್ದು ಮುಂದೆ ಅವರ ಎಡಕ್ಕೆ ಕುಳಿತಿದ್ದ ಗೌರಿಯ ಹೆಬ್ಬೆರಳು, ಅದು ಬಕಲ್ಲಿನ ಮೇಲಿತ್ತು. ಒತ್ತು ಎನ್ನಲೇ, ಬೇಡವೆನ್ನಲೇ? ಒತ್ತಿದರೆ ಆ ಹೊಟ್ಟೆ ಹೊತ್ತು ಎಲ್ಲಿಗೆ ಓಡಿಯಾಳು? ಅಷ್ಟರಲ್ಲಿ ಬಲಗಡೆಯ ಹಿಂದಿನ ಚಕ್ರ ಚರಂಡಿಗೆ ಇಳಿದು, ಜೀಪು ಬಲಕ್ಕೆ ಮಗ್ಗುಲಾಗಿ, ಪಂಜರದ ಪೈಪು ದಿಬ್ಬಕ್ಕೆ ಒರಗಿ ನಿಂತಿತು. ಯಜಮಾನರು ಕೆಳಗಾದರು, ಗೌರಿ ಅವರ ಮೇಲುಗಡೆ ಬೆಲ್ಟಿನಲ್ಲಿ ತೂಗುತ್ತಿದ್ದಳು.

ಯಾರೂ ಅಲುಗಲಿಲ್ಲ. ಆನೆ ಕಿವಿ ಬೀಸಿತು, ನೆಲ ಕೆರೆಯಿತು, ಬಹಳ ಹೊತ್ತು ನಮ್ಮನ್ನೇ ನೋಡಿತು, ಕೊನೆಗೆ ಮರಿಯನ್ನು ಸೊಂಡಿಲಿನಿಂದ ತಳ್ಳಿಕೊಂಡು ಕಣಿವೆಗೆ ಇಳಿದುಹೋಯಿತು. ಕೊಂಬೆ ಮುರಿಯುವ ಸದ್ದು ದೂರವಾದ ಮೇಲೆ ನಾನು ನನ್ನ ಬಕಲ್ ಒತ್ತಿದೆ. ಒತ್ತಿದ ಕ್ಷಣ ದೊಪ್ಪನೆ ಪೈಪಿನ ಮೇಲೆ ಬಿದ್ದು ಮೊಣಕೈ ತರಚಿಕೊಂಡೆ. ಹೇಗೋ ಎದ್ದು ಗೌರಿಯ ಬಕಲ್ಲಿಗೆ ಕೈ ಹಾಕಿದೆ.

"ಬ್ಯಾಡಿ ಅತ್ತೆ, ಅದ ಮುಟ್ಬ್ಯಾಡಿ. ಮೊದ್ಲು ನನ್ನ ಇಡ್ಕಳಿ."

ಎಷ್ಟು ಬೇಗ ಬಿಚ್ಚಬೇಕೆಂದು ಮನೆಯಲ್ಲಿ ಜಗಳವೇ ನಡೆದಿತ್ತು. ಬಿಚ್ಚಿದ ಮೇಲೆ ಹಿಡಿಯುವವರು ಯಾರೆಂದು ಒಬ್ಬರೂ ಕೇಳಿರಲಿಲ್ಲ. ಸೀಟುಗಳ ಸಂದಿನಲ್ಲಿ ಮಂಡಿಯೂರಿ, ಅವಳ ಕಂಕುಳಿಗೆ ಹೆಗಲು ಕೊಟ್ಟು, ತೊಡೆಗಳನ್ನು ತಬ್ಬಿ ಹಿಡಿದೆ. ಯಜಮಾನರು ಕೆಳಗಿನಿಂದ ಎರಡೂ ಕೈ ಎತ್ತಿ ಅವಳ ಬೆನ್ನಿಗೆ ಆನಿಸಿದರು.

"ಇಡ್ಕಂಡಿವ್ನಿ ಕಣವ್ವ, ಈಗ ತಗಿ" ಎಂದೆ.

ಗೌರಿ ಕಣ್ಣು ಮುಚ್ಚಿ ಬಕಲ್ ಒತ್ತಿದಳು. ಎರಡು ಜೀವದ ಭಾರ ಒಟ್ಟಿಗೆ ನನ್ನ ಮೇಲೆ ಬಂತು, ನಾನು ಬಿಡಲಿಲ್ಲ.