ಚಲುವಯ್ಯ ಹ್ಯಾಂಬರ್ಗಿನಲ್ಲಿ ಲೋಟ ತೊಳೆದದ್ದು

ಹೊಳೆನರಸೀಪುರದ ಕಾಯಿ ಮಂಡಿಯಲ್ಲಿ ಚಲುವಯ್ಯನವರು ಅರ್ಧ ಆಯಸ್ಸು ತೆಂಗಿನಕಾಯಿ ಸುಲಿದರು. ಸಾಹುಕಾರರ ಮನೆಯಲ್ಲಿ ಕಾಫಿಗೇನೂ ಕೊರತೆಯಿರಲಿಲ್ಲ. ಜಗಲಿಯ ಮೂಲೆಯಲ್ಲಿ ಚಲುವಯ್ಯನವರಿಗೆಂದೇ ಬೇರೆ ಲೋಟವಿತ್ತು. ಕುಡಿಯಬೇಕು, ಹಿತ್ತಲ ನಲ್ಲಿಯಲ್ಲಿ ತೊಳೆಯಬೇಕು, ಬೋರಲು ಹಾಕಬೇಕು. ದಲಿತರ ಕೇರಿಯಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. "ಈಗೆಲ್ಲಿದೆ ಸಾರ್ ಅದೆಲ್ಲ?" ಎನ್ನುವ ಮಹನೀಯರು ದಯವಿಟ್ಟು ಮುಂದೆ ಓದಲಿ.

ಮಗಳು ಕವನಾ ಜರ್ಮನಿಯ ಹ್ಯಾಂಬರ್ಗಿನಲ್ಲಿ ನರ್ಸ್. ಬಂದರಿನ ಮಗ್ಗುಲ ವಿಲ್ಹೆಲ್ಮ್ಸ್‌ಬುರ್ಗ್‌ನಲ್ಲಿ, ಒಂದೇ ಕೋಣೆಯಲ್ಲಿ ಇನ್ನಿಬ್ಬರ ಜೊತೆ ವಾಸವಿದ್ದಳು. ರಾತ್ರಿಪಾಳಿ ಮುಗಿಸಿ ಬಂದರೆ ಕಣ್ಣು ಮುಚ್ಚಲು ಜಾಗವಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಅಪ್ಪನನ್ನು ಕರೆಸಿಕೊಂಡಾಗ ಅವರಿಗೆ ಹಾಸಿಗೆ ಹಾಸಿಕೊಟ್ಟವರು ಪಕ್ಕದ ಮನೆಯ ಟರ್ಕಿಯವರು. ಆಗಲೇ ಅವಳಿಗೆ ಅದೇ ಊರಿನ ಸಿರಿವಂತರ ಬಡಾವಣೆ ಬ್ಲಾಂಕೆನೇಸೆಯಲ್ಲಿ ಒಂದು ಕೋಣೆ ಸಿಗುವುದರಲ್ಲಿತ್ತು. ನದಿಗೆ ಮುಖ ಮಾಡಿದ ಗುಡ್ಡ, ಬಿಳಿ ಬಂಗಲೆಗಳು, ಆಸ್ಪತ್ರೆಯೂ ಹತ್ತಿರ. ಮನೆಯವರು ಚನ್ನರಾಯಪಟ್ಟಣ ಕಡೆಯ ಶಶಿಕಿರಣ್, ಧನಲಕ್ಷ್ಮಿ.

ಶನಿವಾರ ಅಪ್ಪ ಮಗಳು ಹೋದರು.

"ನಮ್ ಕಡೆಯೋರೇ ಸಿಕ್ಬುಟ್ರಲ್ಲ! ಬನ್ನಿ ಯಜಮಾನ್ರೇ," ಎಂದು ಶಶಿಕಿರಣ್ ಕೈ ಹಿಡಿದು ಸೋಫಾದಲ್ಲಿ ಕೂರಿಸಿದ. ಚಕ್ಕುಲಿ ಬಂತು, ಕಾಫಿ ಬಂತು. ಹೇಮಾವತಿ ತುಂಬಿದ್ಯಾ, ಕಾಯಿ ರೇಟೆಂಗೆ ಎಂಬ ಮಾತೂ ಬಂತು.

"ಮೇಲ್ಗಡೆ ರೂಮು ಸುಮ್ನೆ ಖಾಲಿ ಬಿದ್ದದೆ ಕಣಮ್ಮ. ಒಂದನೇ ತಾರೀಕೇ ಬಂದ್ಬುಡು," ಎಂದಳು ಧನಲಕ್ಷ್ಮಿ.

ಚಲುವಯ್ಯ ಖುಷಿಯಲ್ಲಿ ಎದ್ದರು. ಖಾಲಿ ಲೋಟ ಹಿಡಿದು ಹಿತ್ತಲ ಬಾಗಿಲು ದಾಟಿದರು. ಹೂಗಿಡಗಳ ನಲ್ಲಿಯಲ್ಲಿ ತೊಳೆದು, ಆಚೆ ಕಟ್ಟೆಯ ಮೇಲೇ ಬೋರಲು ಹಾಕಿದರು.

ಧನಲಕ್ಷ್ಮಿ ಗಾಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಜರ್ಮನ್ ಹೆಂಗಸಾಗಿದ್ದರೆ ಎಂಥ ಶಿಸ್ತಿನ ಮನುಷ್ಯ ಎಂದುಕೊಳ್ಳುತ್ತಿದ್ದಳೇನೋ. ಇವಳು ನಮ್ಮ ಜಿಲ್ಲೆಯವಳು. ತಕ್ಷಣ ಅರ್ಥವಾಯಿತು.

"ನಿಮ್ಮನೆ ಊರೊಳಗಾ, ಆಚೆಗಾ?"

"ಆಚೆಗೆ. ಕೇರೀಲಿ," ಎಂದಳು ಕವನಾ.

"ಅಯ್ಯೋ, ನಮಗೇನಿಲ್ಲಮ್ಮ. ನಮ್ಮತ್ತೆ ಹಳೇ ಕಾಲದೋರು, ಬರೋರವ್ರೆ. ರೂಮ್ ಬೇಕಾಯ್ತದೆ."

"ಈಗ್ತಾನೆ ಖಾಲಿ ಬಿದ್ದದೆ ಅಂದ್ರಲ್ಲಕ್ಕ?"

ಶಶಿಕಿರಣನಿಗೆ ಅದೇ ಹೊತ್ತಿಗೆ ಫೋನಿನಲ್ಲಿ ಭಾರಿ ಕೆಲಸ ಬಂತು.

ರೈಲಿನಲ್ಲಿ ಚಲುವಯ್ಯ ಹಣೆ ಚಚ್ಚಿಕೊಂಡರು. "ಈ ದರಿದ್ರದ್ ಕೈ ಸುಮ್ಕಿರ್ನಿಲ್ವಲ್ಲವ್ವ! ಲೋಟ ಅಲ್ಲೇ ಮಡಗಿದ್ರೆ ರೂಮ್ ಸಿಕ್ತಿತ್ತು."

"ಸಿಕ್ಕಿದ್ರೆ ದಿನಾ ಯಾವ್ ಸುಳ್ ಏಳ್ಕಂಡ್ ಅವ್ರ್ ಮೆಟ್ಲು ಅತ್ತಬೇಕಿತ್ತು ನಾನು? ಅದ್ನೇಳು ಮೊದ್ಲು," ಎಂದು ಮಗಳು ರೇಗಿದಳು.

ಭಾನುವಾರ ವಿಲ್ಹೆಲ್ಮ್ಸ್‌ಬುರ್ಗ್‌ನಲ್ಲೇ ಬೀದಿ ಬೀದಿ ಅಲೆದರು. ಒಂದು ಬ್ರೆಡ್ ಅಂಗಡಿಯ ಮೇಲೆ ಗೂಡಿನಂಥ ಕೋಣೆ ಸಿಕ್ಕಿತು. ಅಲ್ಲಿಯೂ ದೇವತೆಗಳಿಲ್ಲ, ಪರದೇಶದವಳೆಂದು ಗೊತ್ತಾದೊಡನೆ ಮಾಲೀಕ ಬಾಡಿಗೆ ಏರಿಸಿದ. ಆದರೆ ಬೀಗದ ಕೈ ಕೊಟ್ಟ. ಈಗಲೂ ಎರಡು ರೈಲು ಬದಲಿಸಿಯೇ ಡ್ಯೂಟಿಗೆ ಹೋಗುತ್ತಾಳೆ.

ತಿಂಗಳು ಕಳೆಯಿತು. ಅಲ್ಲಿನ ಕನ್ನಡಿಗರ ವಾಟ್ಸಪ್ ಗುಂಪಿನಲ್ಲಿ ಧನಲಕ್ಷ್ಮಿ ಬ್ಲಾಂಕೆನೇಸೆಯ ಕೋಣೆಯ ಫೋಟೊ ಹಾಕಿದಳು: "ಬಾಡಿಗೆಗಿದೆ. ನಮ್ಮವರಿಗೆ ಮಾತ್ರ."

ಕವನಾ ಕೆಳಗೆ ಬರೆದಳು: "ನಮ್ಮವರು ಅಂದ್ರೆ ಯಾರು ಅಕ್ಕ?"

ಸಂಜೆಯೊಳಗೆ ಅವಳನ್ನು ಗುಂಪಿನಿಂದ ತೆಗೆದುಹಾಕಿದರು. ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲು ಹೊದ್ದು ಕುಣಿಯುವ ಅಷ್ಟೂ ಕನ್ನಡಿಗರಲ್ಲಿ ಒಬ್ಬರೂ ಯಾಕೆ ಎಂದು ಕೇಳಲಿಲ್ಲ.