ನಡುಗುತ್ತ ಮಾತಾಡಿದ ಮೊಲ

ಮೊನ್ನೆ ಬೆಳಿಗ್ಗೆ ಜೇವರ್ಗಿ ಕಡೆಯ ಶಾಲೆಯೊಂದಕ್ಕೆ ಮಕ್ಕಳಿಗೆ ಕತೆ ಹೇಳಲು ಬಸ್ಸಿನಲ್ಲಿ ಹೊರಟಿದ್ದೆ. ತೊಗರಿ ಹೊಲದಿಂದ ಒಂದು ಮೊಲ ಜಿಗಿದು ರಸ್ತೆ ದಾಟಿತು. ಪಕ್ಕದಲ್ಲಿದ್ದ ಅಜ್ಜ, "ಮೊಲ ಅಡ್ಡ ಬಂತು, ಇವತ್ತ ಕೆಲಸ ಆಗಂಗಿಲ್ರಿ" ಎಂದು ಮುಖ ಸಣ್ಣದು ಮಾಡಿದ. ಶಕುನ ನಂಬದ ಧೀರೆಯೇನೂ ನಾನಲ್ಲ. ಬೆಕ್ಕು ಅಡ್ಡ ಬಂದರೆ ಈಗಲೂ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತೇನೆ. ಆದರೆ ಮೊಲವನ್ನು ಯಾರಾದರೂ ಬೈದರೆ ನನಗೆ ಸೇರದು. ನನ್ನನ್ನು ಓದಿಸಿದ್ದೇ ಒಂದು ಮೊಲ ಎಂದರೆ ನೀವು ನಂಬಬೇಕಲ್ಲ!

ಎಪ್ಪತ್ತರ ದಶಕದ ಕೊನೆ. ಅತನೂರಿನಲ್ಲಿ ನಾನು ಏಳನೆಯ ತರಗತಿ ಮುಗಿಸಿದ್ದೆ. ಮುಂದೆ ಓದಬೇಕೆಂದರೆ ದಿನಾ ಬಸ್ಸಿನಲ್ಲಿ ಅಫಜಲಪುರಕ್ಕೆ ಹೋಗಬೇಕು. "ಇಷ್ಟ ಸಾಲಿ ಸಾಕು" ಎಂದುಬಿಟ್ಟ ಅಪ್ಪ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ನಾನೋ, ಅವನ ಚಪ್ಪಲಿ ಸದ್ದಿಗೇ ಅಡುಗೆಮನೆ ಸೇರುವವಳು.

ಸಿದ್ದಮ್ಮತ್ತೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಅಕ್ಷರ ಬಾರದು, ಕತೆ ಬಾಯಿತುಂಬ. ಚಂದ್ರನಲ್ಲಿ ಮೊಲ ಯಾಕೆ ಕೂತಿದೆ, ಅದರ ಬಾಲ ಯಾಕೆ ಗಿಡ್ಡ, ಎಲ್ಲಕ್ಕೂ ಉತ್ತರವಿತ್ತು. ಆ ಮಧ್ಯಾಹ್ನ ಬೀಸುಕಲ್ಲಿನಲ್ಲಿ ತೊಗರಿ ಒಡೆಯುತ್ತ, ಮೂಲೆಯಲ್ಲಿ ನಡುಗುತ್ತ ಅಳುತ್ತಿದ್ದ ನನಗೆ ಸಿಂಹಕ್ಕೆ ಬಾವಿಯಲ್ಲಿ ಅದರ ನೆರಳನ್ನೇ ತೋರಿಸಿದ ಮೊಲದ ಕತೆ ಶುರು ಮಾಡಿದಳು.

"ಗೊತ್ತದ. ಮೊಲ ಭಾಳ ಶ್ಯಾಣೇದು" ಎಂದೆ ಸಿಟ್ಟಿನಿಂದ.

"ಶ್ಯಾಣೇದು ಖರೆ. ಆದ್ರ ಸಿಂಹದ ಮುಂದ ನಿಂತಾಗ ಅದರ ಕಾಲ ಗಡಗಡ ನಡಗಾಕತ್ತಿದ್ವು ಬೇ. ನಡಗಕೋತನ ಮಾತಾಡ್ತು. ನಡಕ ನಿಲ್ಲಲಿ ಅಂತ ಕಾದಿದ್ರ ಸಿಂಹದ ಹೊಟ್ಟಿ ಸೇರತಿತ್ತು."

ಸಂಜೆ ಅಪ್ಪ ಊಟಕ್ಕೆ ಕೂತಾಗ ಎದುರಿಗೆ ಹೋಗಿ ನಿಂತೆ. ಮೊಣಕಾಲುಗಳು ಒಂದಕ್ಕೊಂದು ಬಡಿಯುತ್ತಿದ್ದವು.

"ಅಪ್ಪಾ, ನಾ ಸಾಲಿಗಿ ಹೋಗ್ತೇನಿ."

ಅಪ್ಪ ತಲೆ ಎತ್ತಿದ. "ಯಾರ ಹೇಳಿಕೊಟ್ರು?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಅಣ್ಣನೆದುರು ಎಂದೂ ಬಾಯಿ ತೆರೆದವಳಲ್ಲ. "ನಾನ ಹೇಳೇನಿ" ಎಂದಳು. "ನನ್ನ ಯಾರೂ ಕೇಳ್ಲಿಲ್ಲ ಅಣ್ಣಾ. ಇಕಿನ್ನಾದ್ರೂ ಕೇಳು."

ಅಪ್ಪ ತಟ್ಟೆಯಲ್ಲಿದ್ದ ರೊಟ್ಟಿ ಮುಗಿಸಿದ. ಕೈ ತೊಳೆದು, ಗೋಡೆಯ ಕಡೆ ನೋಡುತ್ತ ಕೇಳಿದ: "ಮುಂಜಾನಿ ಬಸ್ಸು ಎಷ್ಟಕ್ಕದ?"

ಹಾಗೆ ನಾನು ಓದಿದೆ, ಕಡಗಂಚಿಯಲ್ಲಿ ಶಿಕ್ಷಕಿಯೂ ಆದೆ. ಎಷ್ಟು ಪುಸ್ತಕ ತೆರೆದರೂ ನಡುಗುವ ಮೊಲ ಸಿಗಲಿಲ್ಲ. ಒಮ್ಮೆ ರಜೆಗೆ ಊರಿಗೆ ಹೋದಾಗ ಅತ್ತೆಗೆ ಹಾಗೆಂದೆ.

"ಪುಸ್ತಕದ ಮೊಲ ನನಗೇನ ಗೊತ್ತು?" ಎಂದಳು ನಕ್ಕು. "ಅವತ್ತ ನೀ ನಡಗಾಕತ್ತಿದ್ದಿ. ನಾನೂ ನಡಗಾಕತ್ತಿದ್ದೆ."

ಅತ್ತೆ ಈಗಿಲ್ಲ. ನಾನು ಮಾತ್ರ, ಓದಿದ ಜಾಣೆ, ಇಷ್ಟು ವರ್ಷ ಕತೆಯನ್ನು ಪುಸ್ತಕದಲ್ಲಿದ್ದಂತೆಯೇ ಒಪ್ಪಿಸುತ್ತ ಬಂದಿದ್ದೆ. ಮೊನ್ನೆ ಆ ಶಾಲೆಯಲ್ಲಿ ಪುಸ್ತಕವನ್ನು ಚೀಲದಿಂದ ತೆಗೆಯಲಿಲ್ಲ. ಮೊದಲು ಒಂದೊಂದೇ ಮುಖ ನೋಡಿದೆ. ಹಿಂದಿನ ಸಾಲಿನಲ್ಲಿ ಒಬ್ಬಳು ತಲೆ ತಗ್ಗಿಸಿ ಉಗುರು ಕಚ್ಚುತ್ತಿದ್ದಳು. ಅವಳ ಪಕ್ಕ ಹೋಗಿ ನೆಲದ ಮೇಲೆ ಕೂತು, ಕತೆ ಶುರು ಮಾಡಿದೆ.